ಕರಿಯ ಬಸ್ಸಿನ ಹಿಂದೆ ಓಡಿದನಾ?

ನಾಯಿ ಸಾಕಿದವರು ಎಲ್ಲಿಗಾದರೂ ಹೊರಡುವ ಮುಂಚೆ ಫೋನ್ ಮಾಡಿ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತಲ್ಲ. "ನಾಯಿ ಬಿಡ್ತೀರಾ?" ಅಂತ. ಹೆಚ್ಚಿನ ಕಡೆ ಮಾತು ಅಲ್ಲಿಗೇ ಮುಗಿಯುತ್ತದೆ. ಕೆಲವರು "ಸಣ್ಣದಾದರೆ ಪರವಾಗಿಲ್ಲ" ಅನ್ನುತ್ತಾರೆ. ಹಾಸನದ ನಮ್ಮ ಮನೆಯಲ್ಲಿರುವ ಎರಡೂ ಸಣ್ಣವಲ್ಲ. ಗುಂಡ ಬೀದಿಯಿಂದ ಬಂದವನು, ಹೆಸರಿಗೆ ತಕ್ಕ ಹಾಗೆ ಬೆಳೆದಿದ್ದಾನೆ. ಮಿಂಚು ಮುಧೋಳ ತಳಿಯವಳು. ಉದ್ದ ಕಾಲು, ಎಣಿಸಬಹುದಾದ ಪಕ್ಕೆಲುಬು. ನೋಡಿದವರೆಲ್ಲ "ಇದಕ್ಕೆ ಊಟ ಹಾಕಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ. ಆ ತಳಿ ಇರುವುದೇ ಹಾಗೆ ಅಂತ ಹೇಳಿ ಹೇಳಿ ಸಾಕಾಗಿದೆ.

ಮಗನಿಗೆ ಮುತ್ತೋಡಿ ಕ್ಯಾಂಪಿನ ಆಸೆ ಇತ್ತು. ಅದು ಭದ್ರಾ ಅಭಯಾರಣ್ಯದೊಳಗೆ ಬರುತ್ತದೆ. 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಗೆ ಸಾಕುನಾಯಿ ತರುವ ಹಾಗಿಲ್ಲ. ಮಗ ಮುಖ ಊದಿಸಿಕೊಂಡ. ಆದರೆ ಆ ನಿಯಮ ಸರಿಯಾಗಿಯೇ ಇದೆ. ನಾಯಿ ಜಿಂಕೆ ಅಟ್ಟಿಸಿಕೊಂಡು ಹೋಗುತ್ತದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಕಾಯಿಲೆ. ನಾಯಿಗೆ ಬರುವ ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಕಾಡುಪ್ರಾಣಿಗಳಿಗೂ ಅಂಟುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಆ ವೈರಸ್ಸೇ ಸಿಕ್ಕಿತ್ತು. ನಮ್ಮ ಖುಷಿಗೆ ಅಲ್ಲಿನ ಹುಲಿಗೆ ಯಾಕೆ ತೊಂದರೆ?

ಕೊನೆಗೆ ಸಿಕ್ಕಿದ್ದು ಸಕಲೇಶಪುರ ದಾಟಿ ಹೆತ್ತೂರು ಕಡೆ ಹೋದರೆ ಸಿಗುವ ಒಂದು ಸಣ್ಣ ಕ್ಯಾಂಪ್. ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಕಾಡು. ಟೆಂಟುಗಳ ಮೇಲೆ ತಗಡಿನ ಮಾಡು, ಹಂಡೆ ಒಲೆಯಲ್ಲಿ ಕಾಯಿಸಿದ ಸ್ನಾನದ ನೀರು, ಕೆಳಗಡೆ ಒಂದು ಹಳ್ಳ. ಫೋನಿನಲ್ಲಿ ಮಾತಾಡಿದ್ದು ತೋಟದ ರೈಟರ್, ಅಂದರೆ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು. "ನಾಯಿ ತನ್ನಿ ಮೇಡಂ, ನಮ್ಮಲ್ಲೂ ಇವೆ. ಆದ್ರೆ ಸಂಜೆ ಆರರ ಮೇಲೆ ಹೊರಗೆ ಬಿಡಂಗಿಲ್ಲ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ನನ್ನ ತವರು ಮೂಡಿಗೆರೆ ತಾಲೂಕು. ತೋಟದ ನಾಯಿ ಮುದಿಯಾಗಿ ಸಾಯುವುದು ಅಪರೂಪ ಅಂತ ಅಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಚಿರತೆಗೆ ನಾಯಿಯಷ್ಟು ಸುಲಭದ ಊಟ ಬೇರೆ ಇಲ್ಲ. ನಮ್ಮಪ್ಪ ನಾಯಿಯ ಕುತ್ತಿಗೆಗೆ ಮೊಳೆ ಹೊಡೆದ ದಪ್ಪ ಚರ್ಮದ ಪಟ್ಟಿ ಕಟ್ಟುತ್ತಿದ್ದರು. ಚಿರತೆ ಹಿಡಿಯುವುದೇ ಕುತ್ತಿಗೆ, ಅದಕ್ಕೆ.

ನಮ್ಮ ಮದುವೆಯ ದಿನವೂ ಅದೇ ವಾರದಲ್ಲಿ ಬರುತ್ತಿತ್ತು. ಅದಕ್ಕೇ ಹೋದದ್ದು ಅಂದರೆ ಸುಳ್ಳಾಗುತ್ತದೆ. ಶನಿವಾರ, ಭಾನುವಾರ ಎಲ್ಲರಿಗೂ ಒಟ್ಟಿಗೆ ಬಿಡುವು ಸಿಕ್ಕಿತ್ತು, ಅಷ್ಟೇ. ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆವು. ಬೆಳಿಗ್ಗೆ ನೋಡಿದರೆ ಸ್ವೆಟರ್ ಹಾಕಿಕೊಂಡು, ಮಡಿಲಲ್ಲಿ ಒಂದು ಚೀಲ ಇಟ್ಟುಕೊಂಡು, ಎಲ್ಲರಿಗಿಂತ ಮುಂಚೆ ಕಾರಿನಲ್ಲಿ ಕೂತಿದ್ದರು. ಚೀಲದಲ್ಲಿ ಎಲೆ ಅಡಿಕೆ, ಮಾತ್ರೆ ಡಬ್ಬಿ, ಜೊತೆಗೆ 2002ರ ನಮ್ಮ ಮದುವೆಯ ಮುಯ್ಯಿ ಪುಸ್ತಕ, ಯಾರು ಏನು ಉಡುಗೊರೆ ಕೊಟ್ಟರು ಅಂತ ಬರೆದಿಟ್ಟದ್ದು. ಮುಂದಿನ ವಾರ ಅರಸೀಕೆರೆಯಲ್ಲಿ ನೆಂಟರ ಮಗಳ ಮದುವೆ. ಅವರು ನಮ್ಮ ಮದುವೆಗೆ ಎಷ್ಟು ಹಾಕಿದ್ದರು ಅಂತ ನೋಡದೆ ಎಷ್ಟು ಹಾಕುವುದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ. "ಮನೇಲಿ ನೋಡಕ್ಕೆ ನಿಮಗೆಲ್ಲಿ ಪುರುಸೊತ್ತು? ಅಲ್ಲಾದ್ರೂ ಕೂತ್ಕೊಂಡು ನೋಡ್ರಿ" ಅಂದರು.

ಆಲೂರು ಬರುವ ಹೊತ್ತಿಗೆ ಗುಂಡ ವಾಂತಿ ಮಾಡಿಕೊಂಡ. ಹೊರಡುವ ಮುಂಚೆ ಏನೂ ತಿನ್ನಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಮಗಳು ಕದ್ದು ಇಡ್ಲಿ ಹಾಕಿದ್ದಳು. ಆ ವಿಷಯ ಇಲ್ಲಿಗೇ ಬಿಡೋಣ.

ಹೆತ್ತೂರು ರಸ್ತೆಗೆ ತಿರುಗಿದ ಮೇಲೆ ಕಿಟಕಿ ಇಳಿಸಿದೆ. ಕಾಫಿ ಹೂ ಬಿಟ್ಟಿತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಗಿಡದ ತುಂಬ ಬಿಳಿ ಹೂ. ಮೂರು ನಾಲ್ಕು ದಿನ ಇದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಮಳೆಗೆ ನಮ್ಮ ಕಡೆ ಹೂಮಳೆ ಅನ್ನುತ್ತಾರೆ. ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಬ್ಯಾಕಿಂಗ್ ಅನ್ನುವುದು ಅದಕ್ಕೇ. ಅದು ಬರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಈಗ ರೋಬಸ್ಟಾ ಜಾತಿಯ ಕಾಫಿ ಇದ್ದವರು ಸ್ಪ್ರಿಂಕ್ಲರ್ ಇಟ್ಟುಕೊಂಡಿದ್ದಾರೆ. ಆಗ ನಮ್ಮಪ್ಪನಂಥ ಸಣ್ಣ ಬೆಳೆಗಾರರು ಆಕಾಶ ನೋಡುತ್ತಾ ಕೂರಬೇಕಿತ್ತು.

ನಮ್ಮ ಮದುವೆಯಲ್ಲಿ ನಡೆದದ್ದು ಇದಕ್ಕೇ ಸಂಬಂಧಪಟ್ಟ ವಿಷಯ. 2002ರ ಏಪ್ರಿಲ್. ಅದಕ್ಕೆ ಹಿಂದಿನ ವರ್ಷದಿಂದಲೇ ಪ್ರಪಂಚದ ತುಂಬ ಕಾಫಿ ಬೆಲೆ ನೆಲ ಕಚ್ಚಿತ್ತು. ಹತ್ತಾರು ವರ್ಷಗಳಲ್ಲಿ ಅಷ್ಟು ಕೆಳಗೆ ಇಳಿದಿರಲಿಲ್ಲ. ಕೊಯ್ಲಿನ ಕೂಲಿ ಹುಟ್ಟಿದರೆ ಸಾಕು ಅನ್ನುವ ಪರಿಸ್ಥಿತಿ. ಅಪ್ಪ ತೋಟದ ಸಿಲ್ವರ್ ಓಕ್ ಮರ ಕಡಿಸಿ ಮಾರಿ ಮದುವೆ ಮಾಡಿದರು. ಛತ್ರಕ್ಕೆ ದುಡ್ಡು ಸುರಿಯುವುದು ಬೇಡ ಅಂತ ಮನೆ ಮುಂದಿನ ಕಣದಲ್ಲೇ ಚಪ್ಪರ ಹಾಕಿಸಿದರು. ಕಾಫಿ ಒಣಗಿಸುವ ಕಣ, ಸಾರಿಸಿ ರಂಗೋಲಿ ಬಿಟ್ಟಿದ್ದೇ ಮಂಟಪ ಆಯಿತು. ಆ ವರ್ಷ ಹೂಮಳೆ ಬಂದಿತ್ತು. ಬ್ಯಾಕಿಂಗ್ ಬಂದಿರಲಿಲ್ಲ. ಮದುವೆ ಓಲೆ ಹಂಚಲು ಹೋದ ಕಡೆಯೆಲ್ಲ ಅಪ್ಪ ಮಾತಾಡಿದ್ದು ಮಳೆ ಬಗ್ಗೆಯೇ ಅಂತ ಅಮ್ಮ ಬೈಯುತ್ತಿದ್ದಳು.

ಧಾರೆ ಮುಗಿದು ಎರಡನೇ ಪಂಕ್ತಿ ಊಟಕ್ಕೆ ಕೂತಾಗ ಮಳೆ ಬಂತು. ಸಣ್ಣದಲ್ಲ. ಚಪ್ಪರದ ಗರಿ ಹಾರಿತು. ಕಂಬವೊಂದು ವಾಲಿತು. ಅರಸೀಕೆರೆ ಕಡೆಯಿಂದ ಬಂದಿದ್ದ ಗಂಡಿನ ಕಡೆಯವರು ಎಲೆ ಎತ್ತಿಕೊಂಡು ಮನೆಯೊಳಗೆ ನುಗ್ಗಿದರು. ರೇಷ್ಮೆ ಪಂಚೆ, ಜರಿ ಸೀರೆ ಎಲ್ಲ ಕೆಸರು. ಬೀಗರ ಮುಂದೆ ಕೈ ಮುಗಿದುಕೊಂಡು "ತಪ್ಪು ತಿಳ್ಕೋಬೇಡಿ" ಅನ್ನುತ್ತಾ ಅಪ್ಪ ಓಡಾಡುತ್ತಿದ್ದರು. ಆದರೆ ಅಡುಗೆಮನೆ ಹಿಂದೆ ಹೋಗಿ ಒಬ್ಬರೇ ನಿಂತು ಆಕಾಶ ನೋಡಿ ನಗುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಬಾಸಿಂಗ ಕಟ್ಟಿಕೊಂಡ ಮಗಳ ಕಡೆ ತಿರುಗಿ, "ಬ್ಯಾಕಿಂಗ್ ಆಯ್ತು ಮಗ" ಅಂದರು. ನನ್ನ ಮದುವೆ ದಿನ ಅಪ್ಪ ನನಗೆ ಹೇಳಿದ ಮಾತುಗಳಲ್ಲಿ ನನಗೆ ನೆನಪಿರುವುದು ಇದೊಂದೇ. ಬೇರೆ ಹೆಣ್ಣುಮಕ್ಕಳಿಗೆ ಅವರಪ್ಪಂದಿರು ಏನೇನೋ ಬುದ್ಧಿ ಹೇಳಿರುತ್ತಾರೆ. ನನಗೆ ಇದು ಸಾಕು ಅನ್ನಿಸುತ್ತೆ.

ಕ್ಯಾಂಪಿನಲ್ಲಿ ರಾತ್ರಿ ಬೆಂಕಿ ಮುಂದೆ ಕೂತು ಮುಯ್ಯಿ ಪುಸ್ತಕ ಬಿಚ್ಚಿದೆವು. ಉದ್ದ ಸಾಲಿನ ಹಳೇ ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ಅರಿಶಿಣ ಕುಂಕುಮದ ಗುರುತು. ಮಗಳು ಮೊಬೈಲಿನ ಲೈಟು ಹಾಕಿಕೊಂಡು ಓದುತ್ತಾ ಹೋದಳು. 51 ರೂಪಾಯಿ, 101, 21, ಮತ್ತೆ 51. ಸ್ಟೀಲ್ ಬೇಸಿನ್. ಹಾಟ್‌ಬಾಕ್ಸ್. ಗೋಡೆ ಗಡಿಯಾರ. ಗೋಡೆ ಗಡಿಯಾರ. ಗೋಡೆ ಗಡಿಯಾರ. "ಅಜ್ಜಿ, ಇಷ್ಟೊಂದು ಗಡಿಯಾರ ಏನ್ ಮಾಡಿದ್ರಿ?" ಅಂದರೆ ಅತ್ತೆ, "ಬೇರೆಯವ್ರ ಮದುವೆಗೆ ಕೊಟ್ವಿ" ಅಂದರು, ಇದೇನು ಪ್ರಶ್ನೆ ಅನ್ನುವ ಧಾಟಿಯಲ್ಲಿ. ನಡುವೆ ಒಂದಷ್ಟು ಪುಟ ಶಾಯಿ ಹರಡಿ ಓದಲು ಬರುವುದಿಲ್ಲ. ಮಳೆಯಲ್ಲಿ ನೆನೆದದ್ದು. ನಮಗೆ ಬೇಕಾದ ನೆಂಟರ ಹೆಸರು ಆ ಪುಟಗಳಲ್ಲೇ ಎಲ್ಲೋ ಇದೆ.

ಮದುವೆಗೆ ಸಂಬಂಧಪಟ್ಟ ಕಾಗದ ಪತ್ರಗಳಲ್ಲಿ ನಾನು ನಂಬುವುದು ಮುಯ್ಯಿ ಪುಸ್ತಕವನ್ನು ಮಾತ್ರ. ಫೋಟೋದಲ್ಲಿ ಎಲ್ಲರೂ ಹೇಳಿದ ಕಡೆ ನೋಡುತ್ತಾರೆ. ಲಗ್ನಪತ್ರಿಕೆಯಲ್ಲಿ ಮುಖ್ಯ ಅಂತ ಯಾರನ್ನು ತೋರಿಸಬೇಕೋ ಅವರ ಹೆಸರು ಮಾತ್ರ. ಮುಯ್ಯಿ ಪುಸ್ತಕದಲ್ಲಿ ಹಾಗಲ್ಲ. ಬಂದವರು ಬಂದ ಹಾಗೆ ಒಬ್ಬರ ಕೆಳಗೆ ಒಬ್ಬರು. 11 ರೂಪಾಯಿ ಕೊಟ್ಟ ಕುಂಬಾರರ ಅಜ್ಜಿ, ಅವಳ ಕೆಳಗೆ 501 ಕೊಟ್ಟ ಕೊಬ್ಬರಿ ಮಂಡಿಯವರು.

ಜಗಳ ಶುರುವಾಗಿದ್ದು ಇಲ್ಲಿಂದ. ಜಗಳ ಅಂದರೆ ಗಂಡ ಹೆಂಡತಿ ನಗುತ್ತಲೇ ಮಾಡುವ ಜಗಳ. ಮಗ ಕೇಳಿದ, "ಅಮ್ಮ, ನೀನು ಹೊರಡುವಾಗ ತುಂಬಾ ಅತ್ತೆಯಾ?" ನಾನು ಬಾಯಿ ಬಿಡುವ ಮುಂಚೆ ನಮ್ಮನೆಯವರು ಹೇಳಿದರು, "ನಿಮ್ಮಮ್ಮ ಅತ್ತಿದ್ದು ಬಿಡು, ಅವರ ಮನೆ ನಾಯಿ ಕರಿಯ ಬಸ್ಸಿನ ಹಿಂದೆ ಗೇಟಿನ ತನಕ ಓಡಿ ಬಂತು. ಹಿಂದಿನ ಸೀಟಿನಲ್ಲಿದ್ದ ನಮ್ಮ ಚಿಕ್ಕಪ್ಪ ಎಲ್ಲ ಅದನ್ನೇ ನೋಡ್ತಿದ್ರು."

ಇಷ್ಟು ವರ್ಷ ಇದನ್ನು ಅವರು ಎಷ್ಟೋ ಜನಕ್ಕೆ ಹೇಳಿದ್ದಾರೆ. ಕೇಳಿದವರ ಕಣ್ಣಲ್ಲಿ ನೀರು ಬಂದಿದ್ದೂ ಇದೆ. ನನಗೆ ನೆನಪಿರುವುದು ಬೇರೆ. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದು, ಅಮ್ಮ, ಚಿಕ್ಕಮ್ಮಂದಿರು, ನಾನು ಎಲ್ಲ ಒಟ್ಟಿಗೆ ಅಳುತ್ತಿದ್ದಾಗ ಕರಿಯ ಬಚ್ಚಲ ಹಿಂದೆ ಎಂಜಲೆಲೆ ರಾಶಿ ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದ. ಹೋಳಿಗೆ, ಪಾಯಸ ಸಿಕ್ಕಾಪಟ್ಟೆ ತಿಂದಿದ್ದ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ ಅಂತ ಆಗ ಯಾರಿಗೆ ಗೊತ್ತಿತ್ತು? ನಾನು "ಕರಿಯಾ" ಅಂತ ಕರೆದೆ. ಕಿವಿ ಆಡಿಸಿದ. ಏಳಲಿಲ್ಲ.

"ಅದು ಬೆಳಿಗ್ಗೆ ಇರಬೇಕು" ಅಂದರು ಇವರು.

"ಬೆಳಿಗ್ಗೆ ಎಂಜಲೆಲೆ ಎಲ್ಲಿಂದ ಬರುತ್ತೆ ರೀ?"

ಸಾಕ್ಷಿಗೆ ಏನೂ ಇಲ್ಲ. ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಷ್ಟೋ ವರ್ಷ ಆಯಿತು. ಅತ್ತೆಯನ್ನು ಕೇಳಿದರೆ, "ನಾಯಿನಾ? ಯಾವ್ ನಾಯಿ? ನಾನು ಸೀರೆ ಹಿಂಡ್ಕೊಳ್ತಾ ಕೂತಿದ್ದೆ" ಅಂದರು. ಒಂದೇ ಮಂಟಪದಲ್ಲಿ ಅಕ್ಕಪಕ್ಕ ಕೂತು ಮದುವೆಯಾದ ಇಬ್ಬರಿಗೆ ಎರಡು ಮದುವೆ ನೆನಪಿದೆ. ಅವರದರಲ್ಲಿ ಹುಡುಗಿಯನ್ನು ಬಿಡಲಾರದೆ ನಾಯಿ ಓಡುತ್ತದೆ. ನನ್ನದರಲ್ಲಿ ನಾನು ಹೊರಟಿದ್ದು ನಾಯಿಗೆ ಗೊತ್ತೇ ಆಗಲಿಲ್ಲ. ಅವರ ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಗಂಡಸರಿಗೆ ಹಾಗೆ ನೆನಪಿರುವುದು ಸುಲಭ, ಯಾಕೆಂದರೆ ಅವತ್ತು ಅವರು ತಮ್ಮ ಮನೆಗೇ ವಾಪಸ್ ಹೋಗುತ್ತಿದ್ದರು.

ಎಂಟೂವರೆ ಹೊತ್ತಿಗೆ ರೈಟರ್ ಟಾರ್ಚ್ ಹಿಡಿದು ಬಂದರು. ವಾಟ್ಸಾಪಿನಲ್ಲಿ ಮೆಸೇಜ್ ಬಂದಿದೆ, ಆನೆ ಗುಂಪು ಪಕ್ಕದ ತೋಟಕ್ಕೆ ಇಳಿದಿದೆ, ಇನ್ನು ಒಳಗೆ ಹೋಗಿ ಅಂದರು. ಸಕಲೇಶಪುರ, ಆಲೂರು ಕಡೆ ಇದು ದಿನದ ಮಾತು. ಕೆಲವು ಆನೆಗಳಿಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕಿದ್ದಾರೆ. ಎಲ್ಲಿದೆ ಅಂತ ಊರವರಿಗೆ ತಿಳಿಸುತ್ತಾರೆ. ಮಕ್ಕಳು ಇಂಥ ಮೆಸೇಜ್ ನೋಡಿಕೊಂಡೇ ಸ್ಕೂಲಿಗೆ ಹೊರಡುವ ಊರುಗಳಿವೆ. ನಾಯಿ ಇದ್ದರೆ ಇನ್ನೂ ಹುಷಾರಾಗಿರಬೇಕು. ನಾಯಿ ಹೋಗಿ ಆನೆಯನ್ನು ಕೆಣಕುತ್ತದೆ, ಆನೆ ತಿರುಗಿಬಿದ್ದರೆ ಓಡಿ ಬರುವುದು ನಮ್ಮ ಹತ್ತಿರಕ್ಕೇ. ಅತ್ತೆ ಮೊದಲು ಎದ್ದು ಒಳಗೆ ಹೋದವರು.

ಟೆಂಟಿನಲ್ಲಿ ಮಿಂಚುಗೆ ಚಳಿ. ಮುಧೋಳ ನಾಯಿ ಬಯಲುಸೀಮೆಯ ಬಿಸಿಲಿಗೆ ಹೊಂದಿಕೊಂಡ ತಳಿ, ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು. ಮಗಳ ಹೊದಿಕೆಯೊಳಗೆ ನುಸುಳಿ ಮಲಗಿಬಿಟ್ಟಳು. ಗುಂಡನದೇ ತೊಂದರೆ. ಮೊದಲು ಟೆಂಟಿನ ಅಂಚು ಮೂಸಿದ. ಮಂಚದ ಕಾಲು, ಚಪ್ಪಲಿ, ಅತ್ತೆಯ ಚೀಲ ಎಲ್ಲ ಮೂಸಿದ. ಮತ್ತೆ ಅಂಚಿನಿಂದ ಶುರು. ಅನ್ನ ಮೊಸರು ಮುಟ್ಟಲಿಲ್ಲ. ಕೂರುವುದು, ಏಳುವುದು. ಹೊರಗೆ ಎಲ್ಲೋ ಪಟಾಕಿ ಸದ್ದಾದಾಗ ಬಂದು ನನ್ನ ಕಾಲ ಮೇಲೆ ಗದ್ದ ಇಟ್ಟ. ನಮ್ಮನೆಯವರು ಕಾರಿನಿಂದ ಅವನ ಹಳೇ ಗೋಣಿಚೀಲ ತಂದು ಹಾಸಿದ ಮೇಲೆ ಅದರ ಮೇಲೆ ಮೂರು ಸುತ್ತು ಸುತ್ತಿ ಮಲಗಿದ.

ಅವನನ್ನು ನೋಡುತ್ತಾ ನನಗೆ ಅರಸೀಕೆರೆಯ ಮೊದಲ ವಾರ ನೆನಪಾಯಿತು. ಗುಂಡನಿಗೆ ಸಿಕ್ಕ ಅವಕಾಶ ನನಗೆ ಸಿಕ್ಕಿರಲಿಲ್ಲ. ಹೊಸ ಸೊಸೆ ಸೇರು ಒದ್ದು ಒಳಗೆ ಬಂದಳು ಅಂದರೆ ಮನೆಯವಳಾದಳು, ಮುಗಿಯಿತು. ಮಾರನೇ ದಿನ ಬೀಗರೂಟ. ಅದರ ಮಾರನೇ ದಿನ ಬೆಳಿಗ್ಗೆ ಒಲೆ ಮುಂದೆ. ಉಪ್ಪು ಎಲ್ಲಿದೆ ಅಂತ ಕೇಳಲು ನಾಚಿಕೆ. ಬಚ್ಚಲಿನ ಲೈಟಿನ ಸ್ವಿಚ್ ಹುಡುಕಲು ಗೋಡೆ ತಡಕಾಡಬೇಕು. ಯಾವ ಮೂಲೆಯಲ್ಲಿ ಸುಮ್ನೆ ಕೂತರೆ ಯಾರೂ ಏನೂ ಅನ್ನುವುದಿಲ್ಲ ಅಂತ ತಿಳಿಯಲು ತಿಂಗಳುಗಳೇ ಬೇಕಾದವು. ಹೊಸ ಜಾಗವನ್ನು ಒಂದು ಸುತ್ತು ಮೂಸಿ ನೋಡಲು ನಾಯಿಗೆ ಬಿಡುತ್ತೇವೆ. ಮದುವೆಯಾಗಿ ಬಂದ ಹುಡುಗಿಗೆ ಬಿಡುವುದಿಲ್ಲ.

ಬೇಲೂರು ದಾಟಿ, ಜಾವಗಲ್ ಕಡೆ ಬಂದ ಹಾಗೆ ಮರಗಳು ಕಮ್ಮಿಯಾಗುತ್ತಾ ಹೋಗಿದ್ದು ಇನ್ನೂ ನೆನಪಿದೆ. ನನ್ನ ತವರಿನಲ್ಲಿ ಬೀಳುವ ಮಳೆಯಲ್ಲಿ ಮೂರರಲ್ಲೊಂದು ಪಾಲೂ ಅರಸೀಕೆರೆಯಲ್ಲಿ ಬೀಳುವುದಿಲ್ಲ. ತೆಂಗಿನ ತೋಟ, ರಾಗಿ ಹೊಲ, ಬಿಸಿಲು. ಅಂಥ ಊರಿಗೆ ನಾನು ತವರಿನಿಂದ ಒಂದು ಕರಿ ಕಂಬಳಿ ತಂದಿದ್ದೆ. ಏಪ್ರಿಲ್ ಸೆಕೆಯಲ್ಲಿ ಕಂಬಳಿ! ಎಲ್ಲರೂ ನಕ್ಕರು. ಹೊದೆಯಲು ಅಲ್ಲ ಅಂತ ಹೇಗೆ ಹೇಳುವುದು? ಒಲೆ ಹೊಗೆ, ಕಾಫಿ ಸಿಪ್ಪೆ, ಮಳೆಗಾಲದ ಮುಗ್ಗಲು ಎಲ್ಲ ಸೇರಿದ ಒಂದು ವಾಸನೆ ಅದರಲ್ಲಿತ್ತು. ರಾತ್ರಿ ತಲೆ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದೆ. ಒಂದು ದಿನ ನೋಡಿದರೆ ಅತ್ತೆ ಅದನ್ನು ಅಂಟುವಾಳ ಹಾಕಿ ಚೆನ್ನಾಗಿ ಒಗೆದು ಬಿಸಿಲಿಗೆ ಹರಡಿದ್ದರು.

ಇದನ್ನು ನಾನು ಯಾವತ್ತೂ ಯಾರಿಗೂ ಹೇಳಿರಲಿಲ್ಲ. ಅವತ್ತು ರಾತ್ರಿ ಗುಂಡನ ಗೋಣಿಚೀಲ ನೋಡಿ ಬಾಯಿಗೆ ಬಂತು, ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತಾ ಕೂತರು.

"ವಾಸ್ನೆ ಬತ್ತಿತ್ತು ಅಂತ ಒಗ್ದೆ ಕಣವ್ವ."

"ಆ ವಾಸನೆಗೇ ಅತ್ತೆ ನಾನು ಇಟ್ಕೊಂಡಿದ್ದು."

"ಹೇಳ್ಬೇಕಿತ್ತು."

"ಆಗ ನಿಮಗೆ ಹೇಳೋ ಧೈರ್ಯ ಎಲ್ಲಿತ್ತು?"

ಅದಕ್ಕೆ ಅವರು ನಕ್ಕರು. ಆಮೇಲೆ ಅವರು ಹೇಳಿದ್ದನ್ನು ನಮ್ಮನೆಯವರೂ ಕೇಳಿರಲಿಲ್ಲವಂತೆ. ಸ್ವಂತ ಮಗ.

ಅತ್ತೆಯ ತವರು ಕಡೂರು ಕಡೆ. ಮದುವೆಯಾಗಿದ್ದು 1970ರ ಸುಮಾರಿಗೆ. ಎತ್ತಿನ ಗಾಡಿಯಲ್ಲಿ ಬಂದರು. ದೂರ ಏನಲ್ಲ, ಆದರೂ ನೀರಿನ ರುಚಿಯೇ ಬೇರೆ, ಉಪ್ಪು ನೀರು. ಮನೆಯಲ್ಲಿ ಆಗ ಕೆಂಚ ಅಂತ ಒಂದು ನಾಯಿ. ಹಟ್ಟಿ ಕಾಯುವ ನಾಯಿ. ಅದಕ್ಕೆ ಇವರು ಹೊಸಬರು.

"ಮೂರ್ ತಿಂಗ್ಳು ಬೊಗಳ್ತು ಕಣವ್ವ. ಕೊಡ ತಗಂಡು ಬಾವಿಗೆ ಹೋದ್ರೆ ಬೊಗಳದು. ವಾಪಸ್ ಬಂದ್ರೆ ಬೊಗಳದು. ಮನೇರೆಲ್ಲ ನಗೋರು. ಹೊಸ ಸೊಸೆನ ಕೆಂಚ ಇನ್ನೂ ಒಪ್ಪಿಲ್ಲ ಅಂತ. ನಂಗೆ ನಗು ಬತ್ತಿರ್ಲಿಲ್ಲ. ಮನ್ಸರೆಲ್ಲ ಒಪ್ಕಂಡಂಗೆ ಇರೋರು. ಈ ನಾಯಿ ನಿಜ ಹೇಳ್ತೈತೆ ಅನ್ಸದು."

ಮಗಳು ಮೊಬೈಲ್ ಕೆಳಗಿಟ್ಟಳು.

ಒಂದು ಸಂಜೆ, ಯಾರೂ ಇಲ್ಲದಾಗ, ತಮ್ಮ ತಟ್ಟೆಯ ಅರ್ಧ ಮುದ್ದೆ ತೆಗೆದುಕೊಂಡು ಹೋಗಿ ಹಟ್ಟಿ ಬಾಗಿಲಲ್ಲಿ ಇಟ್ಟು ಬಂದರಂತೆ. ಮಾರನೇ ದಿನವೂ ಇಟ್ಟರು. ದಿನಾ ಅರ್ಧ ಮುದ್ದೆ. ಅವರ ಅತ್ತೆಗೆ ಗೊತ್ತಾಗಿ, ತಿನ್ನೋ ಅನ್ನ ನಾಯಿಗೆ ಹಾಕ್ತೀಯಾ ಅಂತ ಬೈದರು. ಬೈಸಿಕೊಂಡೂ ಹಾಕಿದರು. "ಆ ಮನೇಲಿ ನಾನು ಯಾರ್ನೂ ಕೇಳ್ದೆ ಮಾಡಿದ್ ಮೊದ್ಲನೇ ಕೆಲ್ಸ ಅದು" ಅಂದರು. ಆಮೇಲೆ ಒಂದು ದಿನ ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋಗುವಾಗ ಹಿಂದೆ ತಿರುಗಿ ನೋಡಿದರೆ ಕೆಂಚ ಬರುತ್ತಿದೆ. ಬೊಗಳದೆ. ಅಲ್ಲಿಂದ ಮುಂದೆ ಅವರು ಎಲ್ಲಿ ಹೋದರೆ ಅಲ್ಲಿ.

"ಮತ್ತೆ ನಾಯಿ ಹೊಸ್ತಿಲು ದಾಟಂಗಿಲ್ಲ ಅಂತ ನಮಗೆಲ್ಲ ಅಷ್ಟು ಬೈತಿದ್ದೆ?" ಅಂತ ಇವರು ಕೇಳಿದರು.

"ಅದು ಸತ್ತಾಗ ಮನೇಲಿ ಒಬ್ರೂ ಅಳ್ಲಿಲ್ಲ. ನಾಯಿಗೆಲ್ಲ ಅಳ್ತಾರಾ? ನಾನೂ ಅಳಂಗಿರ್ಲಿಲ್ಲ. ಇನ್ನು ಈ ಮನೆಗೆ ನಾಯಿ ಬ್ಯಾಡ ಅನ್ಕಂಡೆ."

ನಾನು ಇಷ್ಟು ವರ್ಷ ಅದನ್ನು ಮಡಿ ಅಂದುಕೊಂಡಿದ್ದೆ.

ಹಳೇ ಕಾಲದವರಿಗೆ ಇದೆಲ್ಲ ಗೊತ್ತೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆಷಾಢ ಬಂದರೆ ಹೊಸ ಸೊಸೆ ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುತ್ತಾರಲ್ಲ. ಕಾರಣ ಏನೇನೋ ಹೇಳುತ್ತಾರೆ. ನನಗೆ ಅನ್ನಿಸುವುದು, ಅದನ್ನು ಮಾಡಿದ್ದು ಯಾರೋ ಹೆಂಗಸೇ ಇರಬೇಕು. ಮದುವೆಯಾದ ಎರಡು ಮೂರು ತಿಂಗಳಿಗೆ ಒಂದು ತಿಂಗಳ ರಜೆ, ಅದೂ ಯಾರೂ ಪ್ರಶ್ನೆ ಕೇಳದ ಹಾಗೆ. ಮೊದಲ ಆಷಾಢಕ್ಕೆ ಮೂಡಿಗೆರೆಯಲ್ಲಿ ಜಡಿಮಳೆ. ಗದ್ದೆ ಅಂಚಿಗೆ ಹೋದರೆ ಕಾಲಿಗೆಲ್ಲ ಇಂಬಳ, ಅದೇ ಜಿಗಣೆ. ನಾನು ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದೆ, ತಿಂದೆ, ತಿಂದೆ. ಶ್ರಾವಣಕ್ಕೆ ವಾಪಸ್ ಹೋದಾಗ ಅರಸೀಕೆರೆಯ ಬಚ್ಚಲ ಸ್ವಿಚ್ ಕತ್ತಲಲ್ಲೂ ಕೈಗೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಹಳ್ಳದ ದಾರಿಯಲ್ಲಿ ನಡೆದು ಬಂದೆವು. ಮಿಂಚುಗೆ ಹಗ್ಗ ಬಿಚ್ಚಲಿಲ್ಲ. ಮುಧೋಳ ನಾಯಿ ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ತಳಿ. ಕಾಡುಕೋಳಿಯೊಂದು ಅಡ್ಡ ಹಾರಿದ್ದಕ್ಕೆ ಮಗನನ್ನು ಹಗ್ಗದ ಸಮೇತ ಎಳೆದುಕೊಂಡು ಹೋದಳು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಸ್ಟಾಂಪು ತಂದಿತ್ತು. ಆ ಸ್ಟಾಂಪಿನ ಗಾಂಭೀರ್ಯ ನಮ್ಮವಳಿಗೆ ಇನ್ನೂ ಬಂದಿಲ್ಲ. ಗುಂಡ ಕಾಫಿ ಗಿಡದ ಬುಡದಲ್ಲಿ ಏನೋ ಅಗಿಯುತ್ತಿದ್ದ. ಬಾಯಿಗೆ ಕೈ ಹಾಕಿ ತೆಗೆಸಿದರೆ ಹಳೇ ಕಾಫಿ ಬೀಜ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ಒಳ್ಳೆಯದಲ್ಲ. ಕಾಫಿ ತೋಟಕ್ಕೆ ನಾಯಿ ಕರೆದುಕೊಂಡು ಹೋಗುವವರು ಇದನ್ನು ನೆನಪಿಡಿ.

ಇನ್ನೊಂದು ವಿಷಯ ಉಣ್ಣೆ ಹುಳ. ಮಲೆನಾಡಿನ ಕಾಡಂಚಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಬಂದಿದೆ. ಹರಡುವುದು ಉಣ್ಣೆ ಕಚ್ಚುವುದರಿಂದ, ಅದರಲ್ಲೂ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಮರಿ ಉಣ್ಣೆಗಳಿಂದ. ಒಣಗಿದ ಎಲೆಯ ಮೇಲೆ ಕೂರಬೇಡಿ, ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಅಂಥ ಊರುಗಳಲ್ಲಿ ಉಣ್ಣೆ ಹತ್ತದಂತೆ ಮೈಗೆ ಹಚ್ಚಲು ಡೇಪಾ ಎಣ್ಣೆಯನ್ನು ಇಲಾಖೆಯವರೇ ಕೊಡುತ್ತಾರೆ. ನಾಯಿಯ ಮೈಮೇಲೆ ಉಣ್ಣೆ ಮನೆಗೂ ಬರುತ್ತದೆ. ನಾವು ಜಗುಲಿಯಲ್ಲಿ ಕೂತು ಎರಡಕ್ಕೂ ಕಿವಿಯ ಒಳಗೆ, ಬೆರಳಿನ ಸಂದಿ, ಬಾಲದ ಬುಡ ಎಲ್ಲ ಹುಡುಕಿದೆವು. ಅತ್ತೆ ಕನ್ನಡಕ ಹಾಕಿಕೊಂಡು ಮಿಂಚುವಿನ ಕಿವಿ ಮಡಚಿ ನೋಡುತ್ತಿದ್ದರು. ಫೋಟೋ ತೆಗೆಯಲು ಹೋದ ಮಗಳಿಗೆ ಬೈಗುಳ ಬಿತ್ತು.

ತಿಂಡಿಗೆ ಅಕ್ಕಿರೊಟ್ಟಿ, ಕಳಲೆ ಪಲ್ಯ. ಉಪ್ಪುನೀರಲ್ಲಿ ಹಾಕಿಟ್ಟ ಹೋದ ವರ್ಷದ ಕಳಲೆ ಅಂತ ರೈಟರ ಹೆಂಡತಿ ಹೇಳಿದರು. ತವರಿನ ರುಚಿ ಅಂದರೆ ಅದು. ನಾನು ಎಷ್ಟು ರೊಟ್ಟಿ ತಿಂದೆ ಅಂತ ಬರೆಯುವುದಿಲ್ಲ.

ತಿನ್ನುತ್ತಾ ಇವರು ಮಕ್ಕಳಿಗೆ ಆತಕೂರು ಕಲ್ಲಿನ ಕಥೆ ಹೇಳಿದರು. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ವೀರಗಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನುವವನಿಗೆ ಅವನ ದೊರೆ ಏನು ಬೇಕೋ ಕೇಳು ಅಂದರೆ ಅವನು ಕಾಳಿ ಅನ್ನುವ ನಾಯಿಯನ್ನು ಕೇಳಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನಲ್ಲಿ ನಾಯಿ ಹ‍ಂದಿ ಎರಡನ್ನೂ ಕೆತ್ತಿದ್ದಾರೆ.

"ನಾನೂ ನಿಮ್ಮ ತಾತನ ಹತ್ರ ವಾಚು, ಉಂಗುರ ಬಿಟ್ಟು ಕರಿಯನ್ನೇ ಕೇಳಬೇಕಿತ್ತು" ಅಂದರು.

"ಕೊಡ್ತಿರಲಿಲ್ಲ" ಅಂದೆ. "ಮಗಳನ್ನ ಕೊಟ್ಟರು, ನಾಯಿ ಕೊಡ್ತಿರಲಿಲ್ಲ."

"ಅದಾಗೇ ಬರ್ತಿತ್ತು. ಗೇಟಿನ ತನಕ ಓಡಿ ಬಂದಿತ್ತಲ್ಲ!"

ಮತ್ತೆ ಶುರು. ಮಗಳಿಗೆ ತಡೆಯಲಾಗಲಿಲ್ಲ. ಮೂಡಿಗೆರೆಗೆ, ನನ್ನ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ಮಾವ, ಅಮ್ಮನ ಮದುವೆ ದಿನ ಕರಿಯ ಬಸ್ಸಿನ ಹಿಂದೆ ಓಡಿದ್ನಾ, ಮಲಗಿದ್ನಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಯಾವುದೋ ಮೆಷಿನ್ನಿನ ಸದ್ದೋ ಏನೋ.

"ಯಾವ ಕರಿಯ? ಕರಿಯನ್ನ ಅದ್ರ ಹಿಂದಿನ ಮಳೆಗಾಲದಲ್ಲೇ ಚಿರತೆ ಹೊತ್ಕೊಂಡು ಹೋಗಿತ್ತಲ್ಲ. ಅಕ್ಕನ ಮದುವೇಲಿ ಇದ್ದಿದ್ದು ಬೆಳ್ಳ. ಅದನ್ನ ಬೆಳಿಗ್ಗೆಯಿಂದ ಕೊಟ್ಟಿಗೇಲಿ ಕಟ್ಟಿ ಹಾಕಿದ್ವಿ."

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ತಮ್ಮನಿಗೆ ಆಗ ಇನ್ನೂ ಮೀಸೆ ಮೂಡಿರಲಿಲ್ಲ. ಮದುವೆ ದಿನ ಪೂರ್ತಿ ಐಸ್‌ಕ್ರೀಂ ಡಬ್ಬಿ ಹತ್ತಿರ ನಿಂತಿದ್ದ ಹುಡುಗನ ಮಾತು ನಂಬುವುದು ಹೇಗೆ? ಈ ಒಂದು ವಿಷಯದಲ್ಲಿ ನಾವಿಬ್ಬರೂ ತಕ್ಷಣ ಒಂದಾದೆವು. "ಅವನಿಗೆ ಏನೂ ನೆನಪಿಲ್ಲ ಬಿಡು" ಅಂದರು ಇವರು. "ಇಲ್ಲ" ಅಂದೆ ನಾನು.

ಅತ್ತೆ ಮುಯ್ಯಿ ಪುಸ್ತಕದ ಶಾಯಿ ಹರಡಿದ ಪುಟವನ್ನು ಬಿಸಿಲಿಗೆ ಹಿಡಿದುಕೊಂಡು ನೋಡುತ್ತಿದ್ದರು. "ಯಾವ್ ನಾಯಿ ಆದ್ರೇನು ಬಿಡ್ರೋ. ಇಲ್ಲಿ ಐನೂರ ಒಂದು ಅಂತ ಐತೋ, ನೂರ ಒಂದು ಅಂತ ಐತೋ, ಕಣ್ ಸರಿಯಿರೋರು ಯಾರಾದ್ರೂ ಬಂದು ಹೇಳಿ. ಬುಧವಾರಕ್ಕೆ ಕವರ್ ರೆಡಿ ಆಗ್ಬೇಕು."